ಗೋಲಿ ಎಷ್ಟೆಂದರೆ ‘ಸಾವಿರ’ ಎನ್ನುವ ಮಕ್ಕಳು: ಡಿಜಿಟಲ್ ಬೋರ್ಡ್‌ನಲ್ಲಿ ಅಂದಾಜು ಕಲಿಸುವುದು ಹೇಗೆ?

ಪ್ರಶ್ನೆ: ಮುಂಬೈಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಎರಡನೇ ತರಗತಿಗೆ ಕಲಿಸುತ್ತೇನೆ. 28 ಮಕ್ಕಳು. ಕೆಲವರ ಮನೆಮಾತು ತುಳು, ಕೆಲವರದು ಕಲಬುರಗಿ, ಯಾದಗಿರಿ ಕಡೆಯ ಕನ್ನಡ. ಆಟವಾಡುವುದು ಮಾತ್ರ ಹಿಂದಿ, ಮರಾಠಿಯಲ್ಲಿ. ಈ ವರ್ಷ ತರಗತಿಗೆ 65 ಇಂಚಿನ ಡಿಜಿಟಲ್ ಬೋರ್ಡ್ ಬಂದಿದೆ. ಅದರಲ್ಲಿ ‘ಬರಣಿಯಲ್ಲಿ ಗೋಲಿ ಎಷ್ಟು’ ಎಂಬ ಆಟ ಆಡಿಸುತ್ತಿದ್ದೇನೆ. ಅರ್ಧ ಮಕ್ಕಳು ಬೆರಳು ತೋರಿಸುತ್ತ ಒಂದೊಂದೇ ಎಣಿಸುತ್ತಾರೆ. ಉಳಿದವರು ‘ನೂರು, ಸಾವಿರ, ಲಾಖ್’ ಎಂದು ಕೂಗುತ್ತಾರೆ. ಉತ್ತರ ತೋರಿಸಿದ್ದೇ ತಡ, ತಾವು ಬರೆದದ್ದನ್ನು ಒರೆಸಿ ಸರಿಯಾದದ್ದನ್ನು ಬರೆದುಕೊಳ್ಳುತ್ತಾರೆ. ಪಾಲಕರೊಬ್ಬರು, ‘ಲೆಕ್ಕಕ್ಕೆ ಒಂದೇ ಉತ್ತರ. ಊಹೆ ಮಾಡೋದನ್ನ ಯಾಕೆ ಕಲಿಸ್ತೀರಿ ಟೀಚರ್?’ ಎಂದು ಕೇಳಿದರು. ಆಟ ಮುಂದುವರಿಸಲೇ, ಬಿಟ್ಟುಬಿಡಲೇ?

ಉತ್ತರ: ಆಟ ಬಿಡಬೇಡಿ, ನಿಯಮ ಬದಲಿಸಿ. ಎಣಿಸುವುದು, ಕೂಗುವುದು, ಒರೆಸುವುದು, ಈ ಮೂರನ್ನೂ ಮಕ್ಕಳಿಗೆ ಕಲಿಸಿದ್ದು ಆ ಆಟವೇ. ಚಿತ್ರ ಕಣ್ಣೆದುರು ನಿಂತೇ ಇದೆ, ಸಮಯ ಬೇಕಾದಷ್ಟಿದೆ, ಚಪ್ಪಾಳೆ ಬೀಳುವುದು ಒಂದೇ ಒಂದು ಸಂಖ್ಯೆಗೆ. ಹಾಗಿರುವಾಗ ಜಾಣ ಮಗು ಎಣಿಸದೆ ಇನ್ನೇನು ಮಾಡೀತು? ಅಷ್ಟು ಎಣಿಸಲಾಗದ ಮಗು ಕೂಗುತ್ತದೆ. ಸೋಲು ಬೇಡವೆನ್ನುವ ಮಗು ಒರೆಸುತ್ತದೆ.

ಮೊದಲು ಆ ಪಾಲಕರ ಮಾತು. ಊಹೆಗೂ ಅಂದಾಜಿಗೂ ವ್ಯತ್ಯಾಸವಿದೆ. ಊಹೆಗೆ ಆಧಾರ ಬೇಕಿಲ್ಲ, ಅಂದಾಜಿಗೆ ಕೈಯಲ್ಲೊಂದು ಅಳತೆ ಬೇಕು. ಮೊಳ ಹಾಕಿ ಹೂ ಕೊಡುವವಳು, ಬೆರಳ ಗೆಣ್ಣು ನೋಡಿ ಅಕ್ಕಿಗೆ ನೀರಿಡುವ ತಾಯಿ, ಪ್ಲಾಟ್‌ಫಾರ್ಮಿನ ಜನ ನೋಡಿ ‘ಈ ಲೋಕಲ್ ಬೇಡ, ಮುಂದಿನದಕ್ಕೆ ಹೋಗೋಣ’ ಎನ್ನುವ ಆ ಪಾಲಕರು, ಎಲ್ಲರೂ ಮಾಡುವುದು ಅಂದಾಜು. ನಮ್ಮಲ್ಲಿ ಅದಕ್ಕೆ ಕಣ್ಣಳತೆ ಎಂಬ ಮಾತೇ ಇದೆ. ಪರೀಕ್ಷೆಗೆ ಇದರಿಂದೇನು ಲಾಭ ಎಂದು ಅವರು ಕೇಳಿದರೆ ಒಂದು ಲೆಕ್ಕ ತೋರಿಸಿ: 38 + 27. ಮಗು 8 + 7 ಕೂಡಿಸಿ 15 ಬರೆಯುತ್ತದೆ, ಅದರ ಎಡಕ್ಕೆ 3 + 2 ಕೂಡಿಸಿ 5 ಬರೆಯುತ್ತದೆ. ಉತ್ತರ 515! ಕೂಡಿಸಲು ಬರುತ್ತದೆ, ಬಿಡಿಸ್ಥಾನದ್ದೂ ಹತ್ತರ ಸ್ಥಾನದ್ದೂ ಮೊತ್ತ ಸರಿಯಿದೆ. ಆದರೂ ಇಂಥ ಉತ್ತರ ಎಲ್ಲ ಶಾಲೆಗಳಲ್ಲೂ ವರ್ಷವರ್ಷ ಕಾಣಸಿಗುತ್ತದೆ. ‘ನಲವತ್ತಕ್ಕೆ ಮೂವತ್ತು ಸೇರಿದರೆ ಎಪ್ಪತ್ತರ ಆಚೀಚೆ ಬರಬೇಕಲ್ಲ’ ಎನ್ನುವ ದನಿ ಒಳಗಿದ್ದರೆ ಪೆನ್ಸಿಲ್ 515ರ ಹತ್ತಿರ ತಾನೇ ನಿಲ್ಲುತ್ತದೆ. ಆ ದನಿ ಮೂಡಿಸುವುದಕ್ಕೇ ಈ ಆಟ.

ಇನ್ನೊಂದು ನಂಬಿಕೆ ಶಿಕ್ಷಕರಲ್ಲಿದೆ: ಎಣಿಕೆ ಪೂರ್ತಿ ಬಂದ ಮೇಲೆ ಅಂದಾಜು ಕಲಿಸಬೇಕು ಎಂದು. ಇವೆರಡೂ ಒಂದರ ಕೈ ಹಿಡಿದು ಇನ್ನೊಂದು ಬೆಳೆಯುವಂಥವು. ಒಂದೇ ಮಿತಿ ಎಂದರೆ, ಬಾಯಲ್ಲಿ ತಪ್ಪಿಲ್ಲದೆ ಎಣಿಸಲು ಬಾರದಷ್ಟು ದೊಡ್ಡ ಸಂಖ್ಯೆಯನ್ನು ಅಂದಾಜಿಗೆ ಕೊಡಬಾರದು. 37ನ್ನು 40 ಮಾಡು ಎನ್ನುವ, ಹತ್ತಿರದ ಹತ್ತಕ್ಕೆ ಸರಿಹೊಂದಿಸುವ ನಿಯಮವೂ ಈಗ ಬೇಡ. ಅದನ್ನು ಬೇಗ ಹೇಳಿಕೊಟ್ಟರೆ ಮಕ್ಕಳು ಮೊದಲು ಸರಿ ಉತ್ತರ ಕಂಡುಹಿಡಿದು, ಆಮೇಲೆ ಅದನ್ನು ಹತ್ತಕ್ಕೆ ಜಾರಿಸಿ ‘ಅಂದಾಜು’ ಎಂದು ಬರೆಯುತ್ತಾರೆ. ಒಳ್ಳೆಯ ಕಳ್ಳತನ, ಆದರೆ ಅದರಲ್ಲಿ ಕಲಿಕೆಯಿಲ್ಲ.

ಈಗ ‘ಸಾವಿರ’ದ ವಿಷಯ. ಮನುಷ್ಯರ ಕಣ್ಣು ಮೂರು ನಾಲ್ಕು ವಸ್ತುಗಳನ್ನು ಎಣಿಸದೆಯೇ ಗುರುತಿಸುತ್ತದೆ. ಅದರಾಚೆ ಅದಕ್ಕೆ ತಿಳಿಯುವುದು ಪ್ರಮಾಣ ಮಾತ್ರ: 10 ಮತ್ತು 20ರ ನಡುವಿನ ಅಂತರ ಥಟ್ಟನೆ ಕಾಣುತ್ತದೆ, 18 ಮತ್ತು 20ರದ್ದು ದೊಡ್ಡವರಿಗೂ ಸುಲಭವಾಗಿ ಕಾಣುವುದಿಲ್ಲ. ಆದ್ದರಿಂದ 37 ಗೋಲಿಗೆ ‘37’ ಎಂದ ಮಗು ಒಂದೋ ಕದ್ದು ಎಣಿಸಿದೆ, ಇಲ್ಲ ಅದೃಷ್ಟ. ಆ ಉತ್ತರಕ್ಕೆ ಚಪ್ಪಾಳೆ ತಟ್ಟಿಸಿದ ದಿನ ನೀವು ಎಣಿಕೆಗೆ ಬಹುಮಾನ ಕೊಟ್ಟಿರಿ. ಸಾವಿರ ಎನ್ನುವ ಮಗುವಿಗೆ ಸಾವಿರ ಎಂಬುದು ‘ಬಹಳ’ ಎನ್ನುವುದಕ್ಕೆ ಇನ್ನೊಂದು ಹೆಸರು, ಅಷ್ಟೇ. ನೂರು ಎಂದರೆ ಎಷ್ಟು ಜಾಗ ಹಿಡಿಯುತ್ತದೆ ಎಂದು ಅದು ಕಂಡೇ ಇಲ್ಲ.

ಅದಕ್ಕೇ, ನಿಮ್ಮ ಬರಣಿಯನ್ನು ಸದ್ಯಕ್ಕೆ ಎತ್ತಿಡಿ. ಬರಣಿಯ ಫೋಟೋದಲ್ಲಿ ಎದುರಿನ ಗೋಲಿ ಕಾಣುತ್ತದೆ, ಹಿಂದಿನ ಸಾಲು ಕಾಣುವುದಿಲ್ಲ. ಕಂಡದ್ದನ್ನೇ ಇನ್ನೂ ಅಳೆಯಲು ಬಾರದವರಿಗೆ ಕಾಣದ್ದನ್ನೂ ಸೇರಿಸು ಎಂದರೆ ಕೂಗದೆ ಬೇರೆ ದಾರಿಯಿಲ್ಲ. ಜೊತೆಗೆ ಈ ವಯಸ್ಸಿನಲ್ಲಿ ಎತ್ತರದ ಪಾತ್ರೆ ಕಂಡರೆ ‘ಇದರಲ್ಲೇ ಜಾಸ್ತಿ’ ಎನ್ನುವ ಮಕ್ಕಳು ಇನ್ನೂ ಇರುತ್ತಾರೆ. ಬರಣಿಯ ಬದಲು ಹರಿವಾಣ ಇಡಿ. ಅಗಲ ತಟ್ಟೆ, ಒಂದರ ಮೇಲೊಂದು ಏರದಂತೆ ಹರಡಿದ ಗೋಲಿ.

ಒಂದು ಸುತ್ತು ಹೇಗೆ ಹೋಗಬೇಕೆಂದು ವಿವರವಾಗಿ ಹೇಳುತ್ತೇನೆ. ಪರದೆಯ ಎಡಕ್ಕೆ ಒಂದು ತಟ್ಟೆ, ಅದರಲ್ಲಿ 10 ಗೋಲಿ, ಕೆಳಗೆ ದೊಡ್ಡದಾಗಿ ‘10’. ಇದು ಆಟ ಮುಗಿಯುವವರೆಗೂ ಕಾಣುತ್ತಿರಲಿ. ಬಲಕ್ಕೆ ಅದೇ ಗಾತ್ರದ ತಟ್ಟೆ, ಅದೇ ಗಾತ್ರದ ಗೋಲಿ, 34 ಎಂದಿಟ್ಟುಕೊಳ್ಳಿ. ಹಿಂದಿನ ಬೆಂಚಿಗೆ ಕಾಣಬೇಕಾದರೆ ಒಂದು ಗೋಲಿ ಪರದೆಯ ಮೇಲೆ 3 ಸೆಂ.ಮೀ.ಗಿಂತ ಚಿಕ್ಕದಾಗಬಾರದು. ಬಲಗಡೆಯ ತಟ್ಟೆಗೆ ಬೋರ್ಡಿನಲ್ಲೇ ಇರುವ, ಚಿತ್ರ ಮುಚ್ಚುವ ಉಪಕರಣದಿಂದ ಮುಸುಕು ಹಾಕಿಡಿ. ‘ನೋಡಿ’ ಎಂದು 3 ಸೆಕೆಂಡ್ ಮುಸುಕು ತೆಗೆದು ಮತ್ತೆ ಮುಚ್ಚಿ. 5 ಸೆಕೆಂಡ್ ಕೊಟ್ಟರೆ ಚುರುಕು ಮಕ್ಕಳು ಹತ್ತು ಹನ್ನೆರಡರವರೆಗೆ ಎಣಿಸಿಬಿಡುತ್ತಾರೆ. 1 ಸೆಕೆಂಡ್ ಕೊಟ್ಟರೆ ಹಿಂದಿನವರು ಬೋರ್ಡಿನತ್ತ ತಿರುಗುವಷ್ಟರಲ್ಲಿ ಮುಗಿದಿರುತ್ತದೆ.

ಕೈಯಿಂದ ಮುಸುಕು ಸರಿಸುವುದರಲ್ಲಿ ಸಮಯ ಹೆಚ್ಚುಕಡಿಮೆ ಆಗುತ್ತಿದ್ದರೆ ಮೂರು ಸ್ಲೈಡ್ ಮಾಡಿಕೊಳ್ಳಿ: 10ರ ತಟ್ಟೆ ಮಾತ್ರ, ಎರಡೂ ತಟ್ಟೆ, ಮತ್ತೆ 10ರ ತಟ್ಟೆ ಮಾತ್ರ. ನಡುವಿನ ಸ್ಲೈಡ್ 3 ಸೆಕೆಂಡಿಗೆ ತಾನಾಗಿ ಮುಂದೆ ಹೋಗುವಂತೆ ಸಮಯ ಹೊಂದಿಸಿ. ಆ ಸ್ಲೈಡಿಗೆ ‘ಕ್ಲಿಕ್ ಮಾಡಿದರೆ ಮುಂದೆ’ ಎಂಬ ಟಿಕ್ ತೆಗೆದುಹಾಕಲು ಮರೆಯಬೇಡಿ. ಟಚ್ ಪರದೆಯಲ್ಲಿ ಮಗುವಿನ ಮೊಣಕೈ ತಾಗಿದರೂ ಅದು ಕ್ಲಿಕ್ಕೇ.

ಈಗ ಬಾಯಿ ಬಂದ್, ಸ್ಲೇಟು ಚಾಲೂ. ಪ್ರತಿ ಮಗುವೂ ತನ್ನ ಸಂಖ್ಯೆ ಬರೆದು ಸ್ಲೇಟನ್ನು ಬೋರಲು ಇಡಬೇಕು. ಡಿಜಿಟಲ್ ಬೋರ್ಡಿನ ದೊಡ್ಡ ದೋಷವೇ ಇದು: ಒಂದು ಮಗು ಮುಟ್ಟುತ್ತದೆ, 27 ಮಕ್ಕಳು ಪ್ರೇಕ್ಷಕರು. ಸ್ಲೇಟಿಲ್ಲದೆ ಬೋರ್ಡಿನ ಆಟ ಆಡಿಸಲೇಬೇಡಿ. ಕೂಗಾಟವೂ ಇದರಿಂದಲೇ ನಿಲ್ಲುತ್ತದೆ, ಏಕೆಂದರೆ ಕೂಗಿದ ಮೊದಲ ಸಂಖ್ಯೆ ಇಡೀ ತರಗತಿಯನ್ನು ತನ್ನ ಕಡೆ ಎಳೆಯುತ್ತದೆ. ಒಬ್ಬ ‘ಎಂಬತ್ತು’ ಎಂದರೆ ಮುಂದಿನವರದು 79, 81, 85.

ಎಲ್ಲರೂ ಬರೆದ ಮೇಲೆ ಎರಡನೇ ನೋಟ. ಈ ಸಲ ಬಲಗಡೆಯ ತಟ್ಟೆಯಲ್ಲಿ 10 ಗೋಲಿಗಳ ಸುತ್ತ ನೀವೇ ಪೆನ್ನಿನಿಂದ ಒಂದು ಬಳೆ ಬರೆದು ತೋರಿಸಿ, 3 ಸೆಕೆಂಡ್ ಆದ ಮೇಲೆ ಮತ್ತೆ ಮುಚ್ಚಿ. ‘ಇಂಥ ಬಳೆ ಇನ್ನೆಷ್ಟು ಹಿಡಿಸಬಹುದು?’ ಎಂದಷ್ಟೇ ಕೇಳಿ. ಮೊದಲ ಸಂಖ್ಯೆ ಒರೆಸುವಂತಿಲ್ಲ, ಅದರ ಪಕ್ಕದಲ್ಲಿ ಎರಡನೆಯದನ್ನು ಬರೆಯಬೇಕು. ಸ್ಲೇಟಿನ ನಡುವೆ ಮೊದಲೇ ಒಂದು ಗೆರೆ ಎಳೆಸಿದರೆ ಸುಲಭ. ಒರೆಸುವ ಚಟಕ್ಕೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ: ಅಂದಾಜು ತಿದ್ದುವುದು ತಪ್ಪಲ್ಲ, ಆಟದ ಭಾಗ ಎಂದು ನಿಯಮವೇ ಹೇಳಿದಂತಾಯಿತು. 200 ಎಂದ ಮಗು ಎರಡನೇ ನೋಟಕ್ಕೆ 50ಕ್ಕೆ ಇಳಿಯುವುದನ್ನು ನೋಡುವುದೇ ಈ ಆಟದಲ್ಲಿ ಶಿಕ್ಷಕರಿಗೆ ಸಿಗುವ ಸಂತೋಷ.

ಕೊನೆಗೆ ಮುಸುಕು ಪೂರ್ತಿ ತೆಗೆದು, ಮಕ್ಕಳನ್ನೇ ಕರೆದು ಗೋಲಿಗಳನ್ನು ಹತ್ತರ ಸಾಲುಗಳಾಗಿ ಎಳೆದಿಡಿಸಿ. ಮೂರು ಸಾಲು, ಮೇಲೆ ನಾಲ್ಕು. ಬೋರ್ಡ್ ತಾನೇ ‘34’ ಎಂದು ತೋರಿಸುವುದಕ್ಕಿಂತ ಈ ಎಳೆದಾಟದಲ್ಲೇ ಹತ್ತರ ಅಳತೆ ಕಣ್ಣಿಗೆ ಕೂರುವುದು.

ಗೆಲುವು ಯಾರದು? ‘ಎಲ್ಲರಿಗಿಂತ ಹತ್ತಿರ ಬಂದವರು’ ಎಂದು ಇಡಬೇಡಿ. ಪಕ್ಕದವರಿಗಿಂತ ಒಂದು ಹೆಚ್ಚು ಬರೆದು ಗೆಲ್ಲುವ ಉಪಾಯ ಮಕ್ಕಳಿಗೆ ಎರಡೇ ದಿನದಲ್ಲಿ ಹೊಳೆಯುತ್ತದೆ. ಬದಲಿಗೆ ಸಂಖ್ಯೆಗೊಂದು ಅಂಗಳ ಹಾಕಿ. 20ರ ಆಸುಪಾಸಿನ ಸಂಖ್ಯೆಗೆ ಆಚೆ ಐದು, ಈಚೆ ಐದು. 30–50ರ ಆಸುಪಾಸಿಗೆ ಹತ್ತು ಹತ್ತು. 34ಕ್ಕೆ 24ರಿಂದ 44ರವರೆಗೆ ಬರೆದವರೆಲ್ಲ ಅಂಗಳದೊಳಗೆ, ಎಲ್ಲರಿಗೂ ಒಂದೇ ಚಪ್ಪಾಳೆ. ಮೊದಲ ವಾರ ಅಂಗಳ ಇನ್ನೂ ದೊಡ್ಡದಿದ್ದರೂ ನಡೆದೀತು.

ಮಾತಿನ ವಿಷಯದಲ್ಲಿ ಕನ್ನಡ ನಿಮಗೆ ತಯಾರು ಸಾಮಾನು ಕೊಟ್ಟಿದೆ. ಏಳೆಂಟು, ಹತ್ತು ಹನ್ನೆರಡು, ಇಪ್ಪತ್ತು ಇಪ್ಪತ್ತೈದು, ಮೂವತ್ತು ನಲವತ್ತು: ಇವೆಲ್ಲ ಆಗಲೇ ಅಂಗಳಗಳೇ. ‘ಅಂದಾಜಿಸಿ ಹೇಳಿರಿ’ ಎಂಬ ಪುಸ್ತಕದ ಮಾತಿಗಿಂತ ‘ಹೆಚ್ಚುಕಡಿಮೆ ಎಷ್ಟಿರಬಹುದು?’ ಎಂದು ಕೇಳಿ. ಕಲಬುರಗಿ ಕಡೆಯ ಮಕ್ಕಳಿಗೆ ‘ಅಜಮಾಸ್ ಎಷ್ಟು’ ಎಂದರೆ ಇನ್ನೂ ಹತ್ತಿರ. ‘ಹತ್ತಾರು’, ‘ನೂರಾರು’ ಮೊದಲ ವಾರಕ್ಕೆ ಸಾಕು. ಆಮೇಲೆ ‘ಹತ್ತಾರು ಅಂದರೆ ಎಷ್ಟರಿಂದ ಎಷ್ಟು?’ ಎಂದು ಕೆದಕಿ.

ಮುಂಬೈಯಲ್ಲಿ ಕಲಿಸುವವರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಕನ್ನಡದ ಇಪ್ಪತ್ತೈದರಲ್ಲಿ ಇಪ್ಪತ್ತು ಮೊದಲು, ಐದು ಆಮೇಲೆ. ಮರಾಠಿಯ ‘ಪಂಚವೀಸ್’ನಲ್ಲಿ ಐದು ಮೊದಲು, ಇಪ್ಪತ್ತು ಆಮೇಲೆ. 2019ರಲ್ಲಿ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯ ಎರಡನೇ ತರಗತಿಯ ಗಣಿತ ಪುಸ್ತಕ ‘ವೀಸ್ ಪಾಚ್’ (ಇಪ್ಪತ್ತು ಐದು) ರೀತಿಯ ಹೆಸರುಗಳನ್ನು ತಂದಾಗ ಮಹಾರಾಷ್ಟ್ರದಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಅದರ ಹಿಂದಿದ್ದದ್ದು ಇದೇ ತೊಡಕು. ನಿಮ್ಮ ಮಕ್ಕಳು ಎರಡೂ ಕ್ರಮಗಳ ನಡುವೆ ಓಡಾಡುವವರು. 34 ಗೋಲಿಗೆ ಸ್ಲೇಟಿನ ಮೇಲೆ 36ರಂಥದ್ದರ ಬದಲು 63 ಕಂಡರೆ ಅಂದಾಜು ತಪ್ಪಿತೆಂದು ಹೇಳಿಬಿಡಬೇಡಿ. ಬಾಯಲ್ಲಿ ಹೇಳಿಸಿ ನೋಡಿ. ಕಣ್ಣು ಸರಿಯಾಗಿಯೇ ಅಳೆದಿದ್ದು, ಬರೆಯುವಾಗ ಅಂಕಿ ಅದಲುಬದಲಾಗಿರಬಹುದು.

ಗೋಲಿಯ ಆಟ ಎರಡು ಮೂರು ವಾರ ನಡೆದ ಮೇಲೆ ಸಂಖ್ಯಾರೇಖೆಗೆ ಬನ್ನಿ. ಡಿಜಿಟಲ್ ಬೋರ್ಡ್ ನಿಜವಾಗಿ ಹಣಕ್ಕೆ ತಕ್ಕ ಕೆಲಸ ಮಾಡುವುದು ಇಲ್ಲಿ. 65 ಇಂಚಿನ ಪರದೆಯ ಅಗಲ ಸುಮಾರು 143 ಸೆಂ.ಮೀ. ಅದರಲ್ಲಿ ಸರಿಯಾಗಿ 100 ಸೆಂ.ಮೀ. ಉದ್ದದ ಗೆರೆ ಎಳೆಯಿರಿ. ತಂತ್ರಾಂಶ ತೋರಿಸುವ ಅಳತೆ ನಂಬದೆ ಟೇಪು ಹಿಡಿದು ನೋಡಿ. ಎಡತುದಿಗೆ 0, ಬಲತುದಿಗೆ 100, ನಡುವೆ ಏನೂ ಇಲ್ಲ. ಈಗ ಒಂದು ಸಂಖ್ಯೆಗೆ ಒಂದು ಸೆಂ.ಮೀ. ‘ಅರವತ್ತು ಎಲ್ಲಿ?’ ಎಂದು ಕೇಳಿ, ಮಗು ಬಾಣವನ್ನು ಎಳೆದು ನಿಲ್ಲಿಸಲಿ. ಎಷ್ಟು ದೂರ ತಪ್ಪಿತೆಂದು ಟೇಪು ತಾನೇ ಹೇಳುತ್ತದೆ. ಜಿಯೋಜೀಬ್ರಾ ಎಂಬ ಉಚಿತ ತಂತ್ರಾಂಶದಲ್ಲಿ ಇದನ್ನು ಮಾಡಿಟ್ಟುಕೊಳ್ಳಬಹುದು, ಬೋರ್ಡಿನ ಸಾಮಾನ್ಯ ಬರೆಯುವ ಪುಟದಲ್ಲೂ ಆಗುತ್ತದೆ. ಗೆರೆಯನ್ನು ಲಾಕ್ ಮಾಡಿಡಿ; ಇಲ್ಲವಾದರೆ ಬಾಣದ ಜೊತೆ ಗೆರೆಯೂ ಹೊರಟುಬಿಡುತ್ತದೆ.

ಇಲ್ಲಿ ಕಾಣುವ ತಪ್ಪಿಗೆ ಒಂದು ನಮೂನೆಯಿದೆ. ಚಿಕ್ಕ ಮಕ್ಕಳು ಸಣ್ಣ ಸಂಖ್ಯೆಗಳಿಗೆ ವಿಪರೀತ ಜಾಗ ಕೊಡುತ್ತಾರೆ. 10ನ್ನು ಗೆರೆಯ ಮೂರನೇ ಒಂದು ಭಾಗದವರೆಗೆ ಒಯ್ದು, 60, 70, 80, 90 ಎಲ್ಲವನ್ನೂ ಬಲತುದಿಯಲ್ಲಿ ಸಂಜೆಯ ವಿರಾರ್ ಲೋಕಲ್‌ನಂತೆ ತುಂಬುತ್ತಾರೆ. ಇದು ದಡ್ಡತನವಲ್ಲ, ಬೆಳವಣಿಗೆಯ ಒಂದು ಹಂತ. ದಾಟಲು 50ರ ಗುರುತೊಂದನ್ನು ಕೊಟ್ಟು ನೋಡಿ. ‘ಅರವತ್ತು ಇದಕ್ಕಿಂತ ಆಚೆಯೋ ಈಚೆಯೋ, ಎಷ್ಟು ಆಚೆ?’ ಎಂದು ಕೇಳುವಷ್ಟರಲ್ಲಿ ಬಾಣ ಸರಿದಿರುತ್ತದೆ. ನಾಲ್ಕು ದಿನ ಬಿಟ್ಟು 50ನ್ನು ಅಳಿಸಿ.

ಇನ್ನೂ ಹಿಂದುಳಿದ ಮಕ್ಕಳಿಗೆ 0–100 ಬೇಡ, 0–20 ಸಾಕು. ಜೊತೆಗೆ ಒಂದೇ ಸಾಲಿನ ದಾಳದ ಆಟ. ಅಮೆರಿಕದಲ್ಲಿ ರಾಬರ್ಟ್ ಸೀಗ್ಲರ್ ಮತ್ತು ಗೀತಾ ರಮಣಿ ಎಂಬ ಮನೋವಿಜ್ಞಾನಿಗಳು ಶಾಲಾಪೂರ್ವ ವಯಸ್ಸಿನ ಬಡ ಮಕ್ಕಳಿಗೆ 1ರಿಂದ 10ರ ಮನೆಗಳಿರುವ ನೇರ ಸಾಲಿನ ಹಲಗೆಯಾಟವನ್ನು ಎರಡು ವಾರಗಳಲ್ಲಿ ನಾಲ್ಕು ಸಲ ಆಡಿಸಿದರು. ಸಂಖ್ಯಾರೇಖೆಯ ಮೇಲೆ ಆ ಮಕ್ಕಳ ಅಂದಾಜು ಸುಧಾರಿಸಿತು. ಅಂಕಿಯ ಬದಲು ಬಣ್ಣದ ಮನೆಗಳಲ್ಲಿ ಆಡಿದವರದು ಸುಧಾರಿಸಲಿಲ್ಲ. 2008ರಲ್ಲಿ ಪ್ರಕಟವಾದ ಈ ಕೆಲಸದಲ್ಲಿ ಒಂದು ಸಣ್ಣ ನಿಯಮವಿತ್ತು, ಅದನ್ನೇ ನಾವು ಮರೆಯುವುದು: 5ರ ಮನೆಯಲ್ಲಿದ್ದ ಮಗುವಿಗೆ 2 ಬಿದ್ದರೆ ‘ಒಂದು, ಎರಡು’ ಎನ್ನದೆ ‘ಆರು, ಏಳು’ ಎಂದು ಮನೆಯ ಸಂಖ್ಯೆಯನ್ನೇ ಹೇಳುತ್ತ ಕಾಯಿ ನಡೆಸಬೇಕು. ಹಾವು-ಏಣಿ ಇದಕ್ಕೆ ಅಷ್ಟು ಒಗ್ಗುವುದಿಲ್ಲ, ಸಾಲು ಪ್ರತಿ ಹತ್ತಕ್ಕೂ ತಿರುಗುತ್ತದೆ. ಚೌಕಾಬಾರದ ದಾರಿಯೂ ಸುತ್ತುವಂಥದು. ಬೋರ್ಡಿನ ಮೇಲೆ 20 ಮನೆಯ ನೇರ ಸಾಲು ಬರೆದುಕೊಂಡರೆ ಮುಗಿಯಿತು.

ಇನ್ನು ತಯಾರು ಆಟಗಳು. ಜಾಲದಲ್ಲಿ ಉಚಿತವಾಗಿ ಸಿಗುವ ಅಂದಾಜಿನ ಆಟಗಳಲ್ಲಿ ಬಹಳಷ್ಟು ನಿಮ್ಮ ಈಗಿನ ಬರಣಿಯ ಆಟದಂಥವೇ. ಆಡಿಸುವ ಮುಂಚೆ ಒಮ್ಮೆ ನೀವೇ ಬೇಕೆಂದೇ ತಪ್ಪಾಗಿ ಆಡಿ ನೋಡಿ. 34ಕ್ಕೆ 36 ಕೊಟ್ಟರೂ ಕೆಂಪು ಗುರುತು, ‘ಬಝ್’ ಸದ್ದು ಬಂದರೆ ಆ ಆಟ ಬಿಡಿ. 12, 35, 300 ಎಂಬ ಮೂರು ಆಯ್ಕೆ ಕೊಟ್ಟು ಆರಿಸು ಎನ್ನುವ ಆಟದಲ್ಲಿ ಅಂದಾಜು ಕಡಿಮೆ, ಆಯ್ಕೆ ಹೊಡೆದುಹಾಕುವ ಜಾಣ್ಮೆ ಹೆಚ್ಚು. ಚುಕ್ಕಿಗಳು ಹೆಚ್ಚಾದಂತೆ ಹರಡುವ ಜಾಗವೂ ಯಾವಾಗಲೂ ಹೆಚ್ಚುತ್ತಿದ್ದರೆ ಮಕ್ಕಳು ಜಾಗವನ್ನಷ್ಟೇ ನೋಡಿ ಉತ್ತರ ಹೇಳಲು ಕಲಿಯುತ್ತಾರೆ. ನಡುನಡುವೆ ದೊಡ್ಡ ಚುಕ್ಕಿ ಕಡಿಮೆ, ಸಣ್ಣ ಚುಕ್ಕಿ ಹೆಚ್ಚು ಇರುವ ಚಿತ್ರಗಳೂ ಬರಬೇಕು. ಸ್ವಂತ ಸ್ಲೈಡಿನಲ್ಲಿ ಇದೆಲ್ಲ ನಿಮ್ಮ ಕೈಯಲ್ಲಿರುತ್ತದೆ. ಅದರ ಕಷ್ಟ ಶ್ರಮ ಮಾತ್ರ: ಹತ್ತು ಚಿತ್ರಗಳ ಒಂದು ಕಟ್ಟಿಗೆ ಮೊದಲ ಸಲ ಒಂದು ಸಂಜೆ ಹೋಗುತ್ತದೆ. ಅದೇ ಚಿತ್ರ ಮತ್ತೆ ಬಂದರೆ ಮಕ್ಕಳು ಉತ್ತರ ನೆನಪಿಟ್ಟಿರುತ್ತಾರೆ. ಗೋಲಿಗಳನ್ನು ಜರುಗಿಸಿ, ಎರಡು ಮೂರು ಸೇರಿಸಿ, ಬಣ್ಣ ಬದಲಿಸಿ; ಹೊಸದಾಯಿತು.

ಬೋರ್ಡಿನ ಮೈಕಟ್ಟೂ ಕಲಿಕೆಯನ್ನು ಕೆಡಿಸಬಹುದು. ಎರಡನೇ ತರಗತಿಯ ಮಗು ಸಾಮಾನ್ಯವಾಗಿ 115–125 ಸೆಂ.ಮೀ. ಎತ್ತರ. ದೊಡ್ಡವರ ಅಳತೆಗೆ ಗೋಡೆಗೆ ಕೂರಿಸಿದ ಬೋರ್ಡಿನ ಮೇಲ್ಭಾಗ ಅದಕ್ಕೆ ಎಟಕುವುದಿಲ್ಲ. ಸಂಖ್ಯಾರೇಖೆಯನ್ನು ಪರದೆಯ ಕೆಳಗಿನ ಮೂರನೇ ಒಂದು ಭಾಗದಲ್ಲೇ ಎಳೆಯಿರಿ. ಸ್ಟೂಲ್ ಬೇಡ, ಬಿದ್ದರೆ ಕಷ್ಟ. ಅಂಚಿನ ಚೌಕಟ್ಟಿನಲ್ಲಿ ಇನ್‌ಫ್ರಾರೆಡ್ ಕಿರಣವಿರುವ ಬೋರ್ಡಾದರೆ ಅಂಗಿಯ ತೋಳು, ಬಳೆ, ಪಕ್ಕದ ಮಗುವಿನ ಕೈ ಎಲ್ಲವೂ ಅದಕ್ಕೆ ಬೆರಳೇ. ಬಾಣ ಇದ್ದಕ್ಕಿದ್ದಂತೆ ಹಾರಿದರೆ ಕಾರಣ ಇದೇ ಇರುತ್ತದೆ. ಬೋರ್ಡಿನ ಹತ್ತಿರ ಒಂದೇ ಮಗು, ಉಳಿದವರು ಒಂದು ಹೆಜ್ಜೆ ಹಿಂದೆ. ಚೌಕಟ್ಟಿನ ಒಳಅಂಚಿಗೆ ಚಾಕ್ ಧೂಳು ಕೂತರೂ, ಕಿಟಕಿಯ ಬಿಸಿಲು ನೇರ ಬಿದ್ದರೂ ಹೀಗೆಯೇ ಆಗುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ಮಳೆಗಾಲದಲ್ಲಿ ತರಗತಿಗೆ ಮುಂಚೆ ಪರದೆಯ ಮೇಲಿನ ತೇವ ತೆಗೆಯಿರಿ.

ವಾರಕ್ಕೆ ಮೂರು ದಿನ, ದಿನಕ್ಕೆ 10–12 ನಿಮಿಷ, ಎರಡೇ ಸುತ್ತು. ಅದಕ್ಕಿಂತ ಹೆಚ್ಚಾದರೆ ಮಕ್ಕಳು ಪರದೆ ನೋಡುತ್ತಾರೆಯೇ ಹೊರತು ಗೋಲಿ ನೋಡುವುದಿಲ್ಲ. ನಾಲ್ಕನೇ ದಿನ ಬೋರ್ಡ್ ಆರಿಸಿ ಕೈಗೆ ವಸ್ತು ಕೊಡಿ, ಏಕೆಂದರೆ ಪರದೆಯ ಗೋಲಿಗೆ ತೂಕವಿಲ್ಲ, ಮುಷ್ಟಿಗೆ ಸಿಗುವುದಿಲ್ಲ. ತುಳು ಮನೆಗಳಲ್ಲಿ ಚೆನ್ನೆಮಣೆ ಇದ್ದರೆ ತರಿಸಿ: 14 ಗುಳಿ, ಗುಳಿಗೆ ನಾಲ್ಕರಂತೆ 56 ಕಾಯಿ. ಒಂದು ಹಿಡಿಯಲ್ಲಿ ಎಷ್ಟು ಬಂತು, ಬೊಗಸೆಯಲ್ಲಿ ಎಷ್ಟು ಬಂದೀತು ಎಂದು ಮೊದಲು ಹೇಳಿ, ಆಮೇಲೆ ನಾಲ್ಕು ನಾಲ್ಕಾಗಿ ಹರಡಿ ನೋಡಲಿ. ಮಣೆ ಇಲ್ಲದಿದ್ದರೆ ಹುಣಸೆ ಬೀಜವೂ ಆದೀತು. ನೀವು ಎತ್ತಿಟ್ಟ ಬರಣಿ ಹೊರಬರಬೇಕಾದದ್ದು ಈ ಹಂತದಲ್ಲಿ, ಚಿತ್ರವಾಗಿ ಅಲ್ಲ, ನಿಜವಾದ ಬರಣಿಯಾಗಿ. ಒಳಗೆ 10 ಬೀಜ ಹಾಕಿ ಎಲ್ಲಿಯವರೆಗೆ ಬಂತೆಂದು ಗುರುತು ಮಾಡಿ, ಆಮೇಲೆ ತುಂಬಿಸಿ ಕೇಳಿ.

ಇದಕ್ಕೆ ಅಂಕ ಕೊಡಬೇಡಿ. ಅಂಕ ಬಂದ ಕೂಡಲೇ ಒರೆಸುವುದೂ ವಾಪಸ್ ಬರುತ್ತದೆ. ಹದಿನೈದು ದಿನಕ್ಕೊಮ್ಮೆ ಪ್ರತಿ ಮಗುವಿನ ಹೆಸರಿನ ಮುಂದೆ ಎರಡು ಸಂಖ್ಯೆ ಬರೆದಿಡಿ, ಇದ್ದದ್ದು ಎಷ್ಟು, ಹೇಳಿದ್ದು ಎಷ್ಟು. 34ಕ್ಕೆ 1000 ಎಂದಿದ್ದ ಮಗು ಎರಡು ತಿಂಗಳಲ್ಲಿ 41ಕ್ಕೆ 60 ಎನ್ನುತ್ತಿದ್ದರೆ ಅಂಗಳದ ಹೊರಗಿದ್ದರೂ ಅದು ಬಹಳ ದೂರ ನಡೆದು ಬಂದಿದೆ; ಆ ಪಾಲಕರಿಗೆ ತೋರಿಸಬೇಕಾದ ಪುಟವೂ ಅದೇ. ಅಷ್ಟು ದಿನವಾದರೂ ಸಾವಿರದಿಂದ ಕೆಳಗಿಳಿಯದ ಮಗುವಿದ್ದರೆ ಎರಡು ಪರೀಕ್ಷೆ ಮಾಡಿ. ಬಾಯಲ್ಲಿ 50ರವರೆಗೆ ನಿಲ್ಲದೆ ಎಣಿಸಲಿ. ಅದು ಸರಿಯಿದ್ದರೆ ಹಿಂದಿನ ಬೆಂಚಿನಿಂದ ಎಬ್ಬಿಸಿ ಮುಂದೆ ಕೂರಿಸಿ ಅದೇ ತಟ್ಟೆ ತೋರಿಸಿ. ಉತ್ತರ ಥಟ್ಟನೆ ಬದಲಾದರೆ ಮನೆಯವರಿಗೆ ಹೇಳಿ ಕಣ್ಣು ತೋರಿಸಲು ಕಳಿಸಿ.